ಹುರುಳಿ ಮೊಳಕೆಯ ಕಿಣ್ವ ಮತ್ತು ಕ್ರಿಯೆಯ ಮೊದಲ ನಿಮಿಷಗಳು

ಕಿಣ್ವಗಳ ವೇಗವನ್ನು ಅಳೆಯುವ ಕೆಲಸಕ್ಕೆ ಕೈಹಾಕಿದಾಗ, ದುಬಾರಿ ಬೆಲೆಯ ಶುದ್ಧ ಕಿಣ್ವವನ್ನು ತರಿಸಿಕೊಳ್ಳುವ ಬದಲು, ಕೋಲಾರದ ನಮ್ಮ ಹೊಲಗಳಲ್ಲೇ ಬೆಳೆಯುವ ಹುರುಳಿಯನ್ನು ಆರಿಸಿಕೊಂಡೆ. ಕಾಳಿನಲ್ಲಿರುವ ರಂಜಕದ ಬಹುಪಾಲು ಫೈಟಿಕ್ ಆಮ್ಲದ ಲವಣಗಳ ರೂಪದಲ್ಲಿ ಕೂಡಿಟ್ಟಿರುತ್ತದೆ. ಕಾಳು ಮೊಳೆಯುವಾಗ ಆ ರಂಜಕವನ್ನು ಬಿಡಿಸಿ ಎಳೆಯ ಸಸಿಗೆ ಒದಗಿಸಲು ಫಾಸ್ಫಟೇಸ್ ಗುಂಪಿನ ಕಿಣ್ವಗಳು ಚುರುಕಾಗುತ್ತವೆ. ಇವುಗಳಲ್ಲಿ ಪಿಎಚ್ 5ರ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಆಸಿಡ್ ಫಾಸ್ಫಟೇಸ್ ನನ್ನ ಅಧ್ಯಯನದ ವಸ್ತು. ಇಡೀ ಅಧ್ಯಯನಕ್ಕೆ ಬೇಕಾಗುವಷ್ಟು ಕಾಳನ್ನು ಒಬ್ಬರೇ ರೈತರಿಂದ, ಒಂದೇ ಬೆಳೆಯಿಂದ ತೆಗೆದಿರಿಸಿಕೊಂಡೆ, ಏಕೆಂದರೆ ಅಂಗಡಿಯ ಕಾಳಿನಲ್ಲಿ ಹಲವು ತಳಿಗಳೂ ಹಲವು ವರ್ಷಗಳ ದಾಸ್ತಾನೂ ಬೆರೆತಿರುತ್ತವೆ.

ಕಾಳನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಮಂಜುಗಡ್ಡೆಯ ಮೇಲಿಟ್ಟ ಪಾತ್ರೆಯಲ್ಲಿ ತಣ್ಣನೆಯ ಅಸಿಟೇಟ್ ಬಫರ್ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಜೊತೆ ಅರೆದು, ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಿಳಿಯನ್ನು ತೆಗೆಯುತ್ತೇನೆ. ಬಳಿಕ ಅಮೋನಿಯಂ ಸಲ್ಫೇಟ್‌ನಿಂದ ಪ್ರೋಟೀನನ್ನು ಒತ್ತರಿಸಿ ಅದೇ ಬಫರ್‌ನಲ್ಲಿ ಡಯಾಲಿಸಿಸ್‌ಗೆ, ಅಂದರೆ ಸಣ್ಣ ಅಣುಗಳು ಪೊರೆಯ ಮೂಲಕ ಹೊರಗೆ ಹೋಗಿ ಪ್ರೋಟೀನ್ ಒಳಗೇ ಉಳಿಯುವಂತೆ, ಇಡುತ್ತೇನೆ. ಈ ಕೊನೆಯ ಹಂತವನ್ನು ಸಮಯ ಉಳಿಸಲೆಂದು ಬಿಡುವವರಿದ್ದಾರೆ. ಆದರೆ ಮೊಳಕೆಯ ರಸದಲ್ಲಿ ಸ್ವಾಭಾವಿಕವಾಗಿಯೇ ಫಾಸ್ಫೇಟ್ ಇರುತ್ತದೆ ಮತ್ತು ಫಾಸ್ಫೇಟ್ ಈ ಕಿಣ್ವವನ್ನು ತಡೆಯುತ್ತದೆ. ಡಯಾಲಿಸಿಸ್ ಮಾಡದ ರಸದಲ್ಲಿ ಅಳೆದ ಸ್ಥಿರಾಂಕವು ಕಿಣ್ವದ ಗುಣವನ್ನೂ ಆ ರಸದ ಫಾಸ್ಫೇಟನ್ನೂ ಒಟ್ಟಿಗೆ ಹೇಳುತ್ತದೆ, ಎರಡನ್ನೂ ಬೇರ್ಪಡಿಸಲು ಆಮೇಲೆ ದಾರಿಯಿರುವುದಿಲ್ಲ. ಇದೇ ಕಾರಣಕ್ಕೆ, ಪ್ರಯೋಗಾಲಯದಲ್ಲಿ ಸದಾ ಕೈಗೆಟಕುವ ಫಾಸ್ಫೇಟ್ ಬಫರನ್ನು ಈ ಕೆಲಸದ ಹತ್ತಿರಕ್ಕೂ ತರುವಂತಿಲ್ಲ.

ಸಬ್‌ಸ್ಟ್ರೇಟ್ ಆಗಿ, ಅಂದರೆ ಕಿಣ್ವ ಕೆಲಸ ಮಾಡುವ ವಸ್ತುವಾಗಿ, ಪ್ಯಾರಾ-ನೈಟ್ರೊಫಿನೈಲ್ ಫಾಸ್ಫೇಟನ್ನು ಬಳಸುತ್ತೇನೆ. ಕಿಣ್ವವು ಅದರಿಂದ ಫಾಸ್ಫೇಟನ್ನು ಕತ್ತರಿಸಿದಾಗ ಉಳಿಯುವ ಪ್ಯಾರಾ-ನೈಟ್ರೊಫಿನಾಲ್ ಪಿಎಚ್ 5ರಲ್ಲಿ ಹೆಚ್ಚುಕಡಿಮೆ ಬಣ್ಣವಿಲ್ಲದೆಯೇ ಇರುತ್ತದೆ. ಕ್ಷಾರದಲ್ಲಿ ಮಾತ್ರ ಗಾಢ ಹಳದಿಯಾಗುತ್ತದೆ. ಹಾಗಾಗಿ ಗೊತ್ತಾದ ಸಮಯಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಕಿಣ್ವ ನಿಲ್ಲುತ್ತದೆ, ಬಣ್ಣ ಮೂಡುತ್ತದೆ. 405 ನ್ಯಾನೋಮೀಟರ್‌ನಲ್ಲಿ ಈ ಹಳದಿಯ ಮೋಲಾರ್ ಹೀರಿಕೆ (ಒಂದು ಮೋಲಾರ್ ದ್ರಾವಣ ಒಂದು ಸೆಂಟಿಮೀಟರ್ ದಾರಿಯಲ್ಲಿ ಬೆಳಕನ್ನು ಹೀರುವ ಅಳತೆ) ಸುಮಾರು 18,000 ಇರುವುದರಿಂದ, ಒಂದು ಸೆಂಟಿಮೀಟರ್ ಕುವೆಟ್‌ನಲ್ಲಿ 0.18ರ ಓದು ಎಂದರೆ 10 ಮೈಕ್ರೋಮೋಲಾರ್ ಉತ್ಪನ್ನ ಎಂದರ್ಥ. 1913ರಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ಇನ್ವರ್ಟೇಸ್ ಕಿಣ್ವವನ್ನು ಅಳೆದಾಗಲೂ ಕ್ಷಾರವನ್ನೇ ಬಳಸಿದ್ದರು. ಅದು ಕ್ರಿಯೆಯನ್ನು ನಿಲ್ಲಿಸುತ್ತಿತ್ತು. ಜೊತೆಗೆ, ಆಗತಾನೇ ಬಿಡುಗಡೆಯಾದ ಗ್ಲೂಕೋಸ್ ತನ್ನ ಎರಡು ರೂಪಗಳ ನಡುವೆ ಸಮತೋಲಕ್ಕೆ ಬರುವುದನ್ನು ತ್ವರಿತಗೊಳಿಸಿ, ದ್ರಾವಣವು ಬೆಳಕನ್ನು ಎಷ್ಟು ತಿರುಗಿಸುತ್ತದೆಂದು ಅಳೆಯುವ ಪೋಲಾರಿಮೀಟರ್‌ನ ಓದು ಸರಿಯಾಗುವಂತೆ ಮಾಡುತ್ತಿತ್ತು. ಅವರಿಗಿಂತ ಹತ್ತು ವರ್ಷ ಮೊದಲೇ ವಿಕ್ಟರ್ ಆನ್ರಿ, ಸಬ್‌ಸ್ಟ್ರೇಟ್‌ನ ಸಾಂದ್ರತೆಗೂ ವೇಗಕ್ಕೂ ಇರುವ ಸಂಬಂಧವನ್ನು ಹೇಳುವ ಅವರ ಸಮೀಕರಣದ ಬಗೆಯದನ್ನೇ ಬರೆದಿದ್ದರೂ ಪಿಎಚ್ ನಿಯಂತ್ರಣವಾಗಲೀ ಈ ತಿದ್ದುಪಡಿಯಾಗಲೀ ಅವರ ಅಳತೆಗಳಲ್ಲಿರಲಿಲ್ಲ. ಸಮೀಕರಣಕ್ಕಿಂತ ಅಳತೆಯ ಶಿಸ್ತೇ ಆ 1913ರ ಲೇಖನದ ದೊಡ್ಡ ಕೊಡುಗೆ ಎಂದು ನಾನು ನಂಬಿದ್ದೇನೆ.

ಆ ಶಿಸ್ತಿನ ತಿರುಳು ಆರಂಭಿಕ ವೇಗದಲ್ಲಿದೆ. ಕ್ರಿಯೆ ಮುಂದುವರಿದಂತೆ ಸಬ್‌ಸ್ಟ್ರೇಟ್ ತೀರುತ್ತ ಹೋಗುತ್ತದೆ, ತಡೆಯೊಡ್ಡುವ ಫಾಸ್ಫೇಟ್ ಸೇರುತ್ತ ಹೋಗುತ್ತದೆ, ಕೆಲವೊಮ್ಮೆ ಕಿಣ್ವವೇ ಸೊರಗುತ್ತದೆ. ಇವು ಮೂರೂ ವೇಗವನ್ನು ತಗ್ಗಿಸುವುದರಿಂದ, ಹತ್ತನೆಯ ನಿಮಿಷದಲ್ಲಿ ಒಂದೇ ಓದು ತೆಗೆದು ಹತ್ತರಿಂದ ಭಾಗಿಸಿದರೆ ಸಿಗುವ ಸಂಖ್ಯೆ ಯಾವ ಸಾಂದ್ರತೆಯ ವೇಗವೂ ಆಗಿರುವುದಿಲ್ಲ. ಆದ್ದರಿಂದ ಪ್ರತಿ ಸಾಂದ್ರತೆಯಲ್ಲೂ ಎರಡೆರಡು ನಿಮಿಷಕ್ಕೊಮ್ಮೆ ಓದು ತೆಗೆದು, ರೇಖೆ ನೇರವಾಗಿರುವ ಭಾಗವನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಸಬ್‌ಸ್ಟ್ರೇಟ್‌ನ ಶೇಕಡ 10ಕ್ಕಿಂತ ಹೆಚ್ಚು ಖರ್ಚಾಗಲು ಬಿಡುವುದಿಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. 5 ಮಿಲಿಮೋಲಾರ್ ಇರುವ ನಳಿಕೆಯಲ್ಲಿ ರೇಖೆ ಬಹಳ ಹೊತ್ತು ನೇರವಾಗಿರುತ್ತದೆ, ಆದರೆ 0.1 ಮಿಲಿಮೋಲಾರ್ ನಳಿಕೆಯಲ್ಲಿ ಶೇಕಡ 10 ಎಂದರೆ ಬರೀ 10 ಮೈಕ್ರೋಮೋಲಾರ್, ಅಂದರೆ ಮೇಲೆ ಹೇಳಿದ 0.18ರ ಓದು, ಕ್ಷಾರ ಸೇರಿಸಿ ತೆಳುವಾದಾಗ ಅದಕ್ಕಿಂತಲೂ ಕಡಿಮೆ. ಕಿಣ್ವದ ಪ್ರಮಾಣವನ್ನು ಆ ಅತಿ ಕಡಿಮೆ ಸಾಂದ್ರತೆಯ ನಳಿಕೆಯನ್ನು ನೋಡಿಯೇ ನಿಗದಿ ಮಾಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಣ್ಣ ಚೆನ್ನಾಗಿ ಬರುವ ನಳಿಕೆಯನ್ನು ನೋಡಿ ನಿಗದಿ ಮಾಡುವ ಅಭ್ಯಾಸವಿದೆ.

ಕಿಣ್ವ ಸೊರಗುತ್ತಿದೆಯೇ ಎಂದು ತಿಳಿಯಲು 1965ರಲ್ಲಿ ಸೆಲ್ವಿನ್ ಸೂಚಿಸಿದ ಪರೀಕ್ಷೆಯನ್ನು ತಪ್ಪದೆ ಮಾಡುತ್ತೇನೆ. ಕಿಣ್ವದ ಪ್ರಮಾಣವನ್ನು ಮಾತ್ರ ಬದಲಿಸಿ ಹಲವು ಸರಣಿ ನಡೆಸಿ, ಉತ್ಪನ್ನವನ್ನು ಸಮಯದ ಬದಲು ಕಿಣ್ವ ಮತ್ತು ಸಮಯದ ಗುಣಲಬ್ಧದ ಎದುರು ಗುರುತಿಸಬೇಕು. ಎಲ್ಲ ಸರಣಿಗಳೂ ಒಂದೇ ರೇಖೆಯ ಮೇಲೆ ಬಿದ್ದರೆ ಕಿಣ್ವ ಸ್ಥಿರವಾಗಿದೆ. ಬೇರೆ ಬೇರೆಯಾಗಿ ಹರಡಿದರೆ ಅಳೆಯುತ್ತಿರುವಾಗಲೇ ಅದು ನಷ್ಟವಾಗುತ್ತಿದೆ. ಇಷ್ಟು ಸರಳವಾದ ಈ ಪರೀಕ್ಷೆಯನ್ನು ಪದವಿ ತರಗತಿಗಳ ಪ್ರಯೋಗಗಳಲ್ಲೇ ಸೇರಿಸಬೇಕೆಂಬುದು ನನ್ನ ಆಗ್ರಹ.

ಉಷ್ಣತೆಯ ವಿಷಯ ಚಿಕ್ಕದು, ಆದರೆ ಕಟ್ಟುನಿಟ್ಟಿನದು. ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿಯಾಗುತ್ತದೆ, ಫೆಬ್ರವರಿಯ ಕೋಲಾರದಲ್ಲಿ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಅಷ್ಟು ಅಂತರ ಸಾಮಾನ್ಯ. 30 ಡಿಗ್ರಿ ಸೆಲ್ಸಿಯಸ್‌ನ ವಾಟರ್ ಬಾತ್‌ನಲ್ಲಿ ಕಿಣ್ವ ಮತ್ತು ಸಬ್‌ಸ್ಟ್ರೇಟ್ ಎರಡನ್ನೂ ಮೊದಲೇ ಇಟ್ಟು ಬಳಿಕ ಬೆರೆಸುತ್ತೇನೆ. ನಡುವೆ ಕರೆಂಟ್ ಹೋದರೆ ಆ ಸರಣಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ವೇಗಗಳು ಸಿಕ್ಕ ಮೇಲೆ ಹೆಚ್ಚಿನವರು 1934ರ ಲೈನ್‌ವೀವರ್–ಬರ್ಕ್ ವಿಧಾನದಂತೆ ವೇಗ ಮತ್ತು ಸಾಂದ್ರತೆ ಎರಡರದೂ ವಿಲೋಮ (1ನ್ನು ಅದರಿಂದ ಭಾಗಿಸಿದ ಬೆಲೆ) ತೆಗೆದು ಸರಳರೇಖೆ ಎಳೆಯುತ್ತಾರೆ. ನಾನು ಅದನ್ನು ಚಿತ್ರವಾಗಿ ತೋರಿಸಲು ಮಾತ್ರ ಬಳಸುತ್ತೇನೆ. ಅಳತೆಯ ದೋಷ ಎಲ್ಲೆಡೆ 0.01 ಇದೆ ಎಂದುಕೊಳ್ಳಿ. ವೇಗ 1.00 ಇರುವಲ್ಲಿ ವಿಲೋಮವು 0.99ರಿಂದ 1.01ರವರೆಗೆ ಮಾತ್ರ ಅಲುಗಾಡುತ್ತದೆ, ವೇಗ 0.10 ಇರುವಲ್ಲಿ ಅದೇ ದೋಷ 9.1ರಿಂದ 11.1ರವರೆಗೆ ಹಿಗ್ಗುತ್ತದೆ. ಅತಿ ದುರ್ಬಲವಾದ ಬಿಂದುವೇ ರೇಖೆಯನ್ನು ತನ್ನತ್ತ ಎಳೆದುಕೊಳ್ಳುವ ಈ ವಿಧಾನದ ಬದಲು, ಸ್ಪ್ರೆಡ್‌ಶೀಟ್‌ನ ಸಾಲ್ವರ್‌ನಲ್ಲಿ ವಕ್ರರೇಖೆಯನ್ನು ನೇರವಾಗಿ ಹೊಂದಿಸಿ ಅಳತೆಗೂ ರೇಖೆಗೂ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತವನ್ನು ಕನಿಷ್ಠಗೊಳಿಸುವುದು ಇಂದು ಯಾವ ಕಾಲೇಜಿನಲ್ಲೂ ಸಾಧ್ಯ. ಸಾಂದ್ರತೆಗಳು ಕೆಎಂನ (ವೇಗವು ಗರಿಷ್ಠದ ಅರ್ಧವಾಗುವ ಸಬ್‌ಸ್ಟ್ರೇಟ್ ಸಾಂದ್ರತೆಯ) ಐದನೇ ಒಂದು ಭಾಗದಿಂದ ಅದರ ಐದು ಪಟ್ಟಿನವರೆಗೆ ಹರಡಿರಬೇಕು. ಐದು ಪಟ್ಟಿನಲ್ಲೂ ವೇಗವು ಗರಿಷ್ಠದ ಶೇಕಡ 83ನ್ನಷ್ಟೇ ಮುಟ್ಟುತ್ತದೆ ಎಂಬುದನ್ನು ನೆನಪಿಟ್ಟರೆ, ಕಣ್ಣಂದಾಜಿನಲ್ಲಿ ವಿಮ್ಯಾಕ್ಸ್, ಅಂದರೆ ಗರಿಷ್ಠ ವೇಗವನ್ನು, ಗುರುತಿಸುವ ಪ್ರಲೋಭನೆ ತಪ್ಪುತ್ತದೆ. ಹಾಗೆ ಸಿಕ್ಕ ಕೆಎಂ ಅನ್ನು ಕಿಣ್ವದ ಬಂಧನಶಕ್ತಿ ಎಂದು ನಾನು ಕರೆಯುವುದಿಲ್ಲ. 1925ರಲ್ಲಿ ಬ್ರಿಗ್ಸ್ ಮತ್ತು ಹಾಲ್ಡೇನ್ ತೋರಿಸಿದಂತೆ, ಅದರಲ್ಲಿ ಬಂಧ ಬಿಡುವ ವೇಗದ ಜೊತೆಗೆ ಉತ್ಪನ್ನವಾಗುವ ವೇಗವೂ ಸೇರಿಕೊಂಡಿರುತ್ತದೆ.

ಫಾಸ್ಫೇಟ್‌ನ ತಡೆಯನ್ನು ಅಳೆಯಲು, ಅದರ ಬೇರೆ ಬೇರೆ ಸಾಂದ್ರತೆಗಳಲ್ಲಿ ಇಡೀ ವಕ್ರರೇಖೆಯನ್ನು ಮತ್ತೆ ಮತ್ತೆ ತೆಗೆದೆ. ವಿಮ್ಯಾಕ್ಸ್ ಅಲುಗದೆ ಉಳಿದು ತೋರಿಕೆಯ ಕೆಎಂ ಮಾತ್ರ ಏರಿತು. ಫಾಸ್ಫೇಟ್ ಮತ್ತು ಸಬ್‌ಸ್ಟ್ರೇಟ್ ಒಂದೇ ಜಾಗಕ್ಕೆ ಪೈಪೋಟಿ ನಡೆಸುವ ತಡೆಯ ಲಕ್ಷಣ ಇದು. ತನ್ನ ಕೆಲಸದ ಫಲದಿಂದಲೇ ಕಿಣ್ವ ನಿಧಾನವಾಗುತ್ತದೆ ಎಂಬುದು ಕಣ್ಣೆದುರೇ ಅಂಕಿಗಳಲ್ಲಿ ಕಾಣುವಾಗ, ಮೊಳಕೆಯೊಳಗೆ ರಂಜಕದ ಬಿಡುಗಡೆಗೆ ಲಗಾಮಿರುವುದು ಹೀಗೆಯೇ ಇರಬಹುದೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಈಗ ಕೈಗೆತ್ತಿಕೊಂಡಿರುವುದು ಫ್ಲೋರೈಡ್. ಅದು ಆಸಿಡ್ ಫಾಸ್ಫಟೇಸ್‌ಗಳ ಹಳೆಯ, ಪರಿಚಿತ ಪ್ರತಿಬಂಧಕ. ಕೋಲಾರ, ಚಿಕ್ಕಬಳ್ಳಾಪುರಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಅದು ಹೆಚ್ಚಾಗಿಯೇ ಇದೆ. ಕಾಳು ನೆನೆಸುವುದರಿಂದ ಹಿಡಿದು ಗಾಜಿನ ಸಾಮಾನಿನ ಕೊನೆಯ ತೊಳೆತದವರೆಗೆ ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕಾದ ಇನ್ನೊಂದು ಕಾರಣ ಇದು. ಕುಡಿಯುವ ನೀರಿಗೆ ಇರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಎಂದರೆ ಸುಮಾರು 0.08 ಮಿಲಿಮೋಲಾರ್. ನನ್ನ ಸರಣಿಯು ಅದಕ್ಕಿಂತ ಸಾಕಷ್ಟು ಕೆಳಗಿನಿಂದ ಆರಂಭವಾಗಿ ಮೇಲಕ್ಕೆ ಹೋಗುತ್ತದೆ. ದ್ರಾವಣಗಳನ್ನು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಇಟ್ಟಿದ್ದೇನೆ, ಏಕೆಂದರೆ ಆಮ್ಲೀಯ ದ್ರಾವಣದ ಫ್ಲೋರೈಡ್ ಗಾಜನ್ನು ಸವೆಸುತ್ತ ತಾನೂ ಕಡಿಮೆಯಾಗುತ್ತದೆ. ತಡೆ ಯಾವ ಬಗೆಯದೆಂದು ಹೇಳುವ ಮೊದಲು ಪ್ರತಿ ಫ್ಲೋರೈಡ್ ಸಾಂದ್ರತೆಯಲ್ಲೂ ಸೆಲ್ವಿನ್ ಪರೀಕ್ಷೆಯನ್ನು ಮತ್ತೆ ಮಾಡಬೇಕಿದೆ.