ಹಕ್ಕಿ ಚಿತ್ರ ಮಸುಕಾಗಿದೆಯೇ? ಯಾವ ಮಸುಕು ಅಂತ ಮೊದಲು ನೋಡಿ

ಹೊಸ ಲೆನ್ಸ್‌ಗೆ ದುಡ್ಡು ಕೂಡಿಡುವ ಮುಂಚೆ ಒಂದು ಕೆಲಸ ಮಾಡಿ. ಮನಸ್ಸಿಗೆ ಒಪ್ಪದ ಇಪ್ಪತ್ತು ಚಿತ್ರಗಳನ್ನು ಕಂಪ್ಯೂಟರಿನಲ್ಲಿ 100% ಗಾತ್ರಕ್ಕೆ ಹಿಗ್ಗಿಸಿ, ಹಕ್ಕಿಯ ಕಣ್ಣನ್ನೇ ದಿಟ್ಟಿಸಿ ನೋಡಿ.

ಕಣ್ಣಿನ ಹೊಳಪಿನ ಚುಕ್ಕಿ ಗೀಟಿನ ಹಾಗೆ ಎಳೆದುಕೊಂಡು, ಕೂತ ಕೊಂಬೆಯ ಅಂಚೂ ಅದೇ ದಿಕ್ಕಿಗೆ ಎರಡೆರಡಾಗಿ ಕಂಡರೆ ಕ್ಯಾಮೆರಾ ಅಲುಗಿದೆ. ಕೊಂಬೆ ಚೊಕ್ಕವಾಗಿದ್ದು ತಲೆ ಮಾತ್ರ ಕಲಸಿದ್ದರೆ ಅಲುಗಿದ್ದು ಹಕ್ಕಿ. ಮುಂದಿನ ಹುಲ್ಲೋ ಹಿಂದಿನ ಎಲೆಯೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲೂ ಏನೂ ಸ್ಪಷ್ಟವಿಲ್ಲದೆ ಅಂಚುಗಳು ಅಲೆಅಲೆಯಾಗಿದ್ದರೆ ಬಿಸಿಗಾಳಿಯ ಕಾಟ. ಆಕಾರ ಸರಿಯಿದ್ದು ಗರಿಗಳ ಮೇಲೆ ಮರಳು ಚೆಲ್ಲಿದಂತೆ ಕಂಡರೆ ಅದು ನಾಯ್ಸ್. ಇಷ್ಟನ್ನು ಬೇರ್ಪಡಿಸಿ ಎಣಿಸಿದರೆ ನಿಮ್ಮ ತೊಂದರೆ ಯಾವುದೆಂದು ತಿಳಿಯುತ್ತದೆ. ಹವ್ಯಾಸಿಗಳಲ್ಲಿ ಹೆಚ್ಚಿನವರದ್ದು ಮೊದಲ ಎರಡು ಬಗೆಯವು. ಅವಕ್ಕೆ ಲಕ್ಷ ರೂಪಾಯಿಯ ಲೆನ್ಸ್ ಮದ್ದಾಗುವುದಿಲ್ಲ.

ಶಟರ್ ಸ್ಪೀಡ್ ಮೊದಲು, ಐಎಸ್‌ಒ ಆಮೇಲೆ

ಶಟರ್ ಸ್ಪೀಡ್ ಅಂದರೆ ಶಟರ್ ಬೆಳಕಿಗೆ ತೆರೆದಿರುವ ಹೊತ್ತು; ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬ ಅಳತೆ, ಅದು ಏರಿದಷ್ಟೂ ನಾಯ್ಸ್ ಕಾಣುತ್ತದೆ. ಐಎಸ್‌ಒ ಏರಿಸಲು ಹೆದರಿ ಶಟರ್ ಸ್ಪೀಡ್ ಇಳಿಸುವುದು ಎಲ್ಲರೂ ಮಾಡುವ ತಪ್ಪು. ನಾಯ್ಸನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ಸಾಕಷ್ಟು ಇಳಿಸಬಹುದು, ಅಲುಗಿದ ಕಣ್ಣನ್ನು ಪೂರ್ತಿ ನೆಟ್ಟಗೆ ಮಾಡುವ ಸಾಫ್ಟ್‌ವೇರ್ ಇಲ್ಲ.

ಕೈಯಲ್ಲಿ ಹಿಡಿದು ತೆಗೆಯುವಾಗ ಲೆಕ್ಕ ಹೀಗೆ: 400 ಮಿ.ಮೀ. ಲೆನ್ಸನ್ನು ಎಪಿಎಸ್-ಸಿ (ಸಣ್ಣ ಸೆನ್ಸರಿನ) ಕ್ಯಾಮೆರಾಕ್ಕೆ ಹಾಕಿದರೆ 400ನ್ನು 1.5ರಿಂದ ಗುಣಿಸಿ, 600. ಅಂದರೆ ಕನಿಷ್ಠ 1/600 ಸೆಕೆಂಡ್. ಕೈ ಪಳಗುವವರೆಗೆ 1/1000 ಇಟ್ಟುಕೊಳ್ಳಿ. ಹಾರುವ ಬೆಳ್ಳಕ್ಕಿಗೆ 1/2000, ಮೀನಿಗೆ ಎರಗುವ ಮಿಂಚುಳ್ಳಿಗೆ 1/3200 ಬೇಕು. ಲೆನ್ಸಿನ ಸ್ಟೆಬಿಲೈಸರ್ ನಿಮ್ಮ ಕೈನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಚಡಪಡಿಕೆಯನ್ನಲ್ಲ. ಮಡಿವಾಳ ಹಕ್ಕಿ ಸುಮ್ಮನೆ ಕೂತಂತೆ ಕಂಡರೂ ಅರೆಗಳಿಗೆ ತಲೆ ನಿಲ್ಲಿಸುವುದಿಲ್ಲ. ಬೆಳಕು ತೀರಾ ಕಡಿಮೆಯಿದ್ದು 1/250ಕ್ಕೆ ಇಳಿಯಲೇಬೇಕಾದರೆ ಒಂದೊಂದೇ ತೆಗೆಯಬೇಡಿ, ಐದಾರರ ಬರ್ಸ್ಟ್ ಹೊಡೆಯಿರಿ. ಒಂದರಲ್ಲಾದರೂ ತಲೆ ನಿಂತಿರುತ್ತದೆ.

ಸುಲಭದ ಸೆಟ್ಟಿಂಗ್: ಮ್ಯಾನ್ಯುಯಲ್ ಮೋಡ್, ಶಟರ್ 1/1000, ಲೆನ್ಸಿನ ಅತಿ ಅಗಲದ ಅಪರ್ಚರ್ (ಬೆಳಕು ಬರುವ ಕಿಂಡಿ; ಎಫ್ ಸಂಖ್ಯೆ ಸಣ್ಣದಾದಷ್ಟೂ ಅಗಲ), ಆಟೋ ಐಎಸ್‌ಒ. ಆಟೋ ಐಎಸ್‌ಒದ ಗರಿಷ್ಠ ಮಿತಿ ಎಪಿಎಸ್-ಸಿಯಲ್ಲಿ 6400, ದೊಡ್ಡ ಸೆನ್ಸರಿನ ಫುಲ್ ಫ್ರೇಮಿನಲ್ಲಿ 12800. ಎಫ್/6.3ರ ಜೂಮ್ ಲೆನ್ಸ್‌ಗಳಲ್ಲಿ ಹೆಚ್ಚಿನವು ಎಫ್/8ಕ್ಕೆ ಇನ್ನಷ್ಟು ಚೂಪಾಗುತ್ತವೆ. ಆದರೆ ಅದಕ್ಕೆ ಮೂರನೇ ಎರಡು ಸ್ಟಾಪ್ ಬೆಳಕು ತೆರಬೇಕು (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ), ಐಎಸ್‌ಒ 800 ಇದ್ದದ್ದು 1250 ಆಗುತ್ತದೆ. ಬಿಸಿಲಿದ್ದಾಗ ಎಫ್/8 ಸರಿ, ಬೆಳಗಿನ ಆರೂವರೆಗೆ ಬೇಡ. ಎಫ್/16ರ ತಂಟೆಗಂತೂ ಹೋಗಬೇಡಿ, ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವ ಡಿಫ್ರ್ಯಾಕ್ಷನ್‌ನಿಂದ ಇಡೀ ಚಿತ್ರ ಮೆದುವಾಗುತ್ತದೆ.

ಕತ್ತಲಾಗಿ ತೆಗೆದು ಆಮೇಲೆ ಎತ್ತುವುದು ದುಬಾರಿ

ಐಎಸ್‌ಒ 800ರಲ್ಲಿ ಎರಡು ಸ್ಟಾಪ್ ಕತ್ತಲಾಗಿ ತೆಗೆದು ಕಂಪ್ಯೂಟರಿನಲ್ಲಿ ಬೆಳಗಿಸಿದರೆ, ನೇರವಾಗಿ 3200ರಲ್ಲಿ ತೆಗೆದದ್ದಕ್ಕಿಂತ ಚೊಕ್ಕವಾಗೇನೂ ಬರುವುದಿಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ನೆರಳಿನ ಭಾಗ ಇನ್ನೂ ಕೊಳಕಾಗಿ ಬರುತ್ತದೆ. ಆದ್ದರಿಂದ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ಬಲಕ್ಕೆ ಬರುವಂತೆ, ಆದರೆ ಬಲಗೋಡೆಗೆ ಅಂಟದಂತೆ ನೋಡಿಕೊಳ್ಳಿ. ಬಿಳಿ ಉರಿದದ್ದನ್ನು (ಅತಿ ಬೆಳಕಿಗೆ ವಿವರ ಅಳಿಸಿಹೋದದ್ದನ್ನು) ಮಿಣುಕಿ ತೋರಿಸುವ ಎಚ್ಚರಿಕೆ ಸದಾ ಆನ್ ಇರಲಿ.

ಹಕ್ಕಿ ಬಿಳಿಯೋ ಕಪ್ಪೋ ಎಂಬುದು ಬೆಳಕು ಅಳೆಯುವ ಕ್ಯಾಮೆರಾದ ಮೀಟರ್‌ಗೆ ಗೊತ್ತಾಗುವುದಿಲ್ಲ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ನಿಂತರೆ ಅದು ನೀರನ್ನು ನೋಡಿ ಬೆಳಕು ಏರಿಸುತ್ತದೆ, ಗರಿಗಳ ಎಳೆ ಉರಿದುಹೋಗುತ್ತದೆ. ಮೀಟರಿನ ಲೆಕ್ಕವನ್ನು ಸ್ಟಾಪ್‌ಗಳಲ್ಲಿ ತಿದ್ದುವ ಎಕ್ಸ್‌ಪೋಶರ್ ಕಾಂಪೆನ್ಸೇಷನ್ −0.7ರಿಂದ −1.3ರವರೆಗೆ ಇಳಿಸಿ. ಬೆಳ್ಳನೆ ಆಕಾಶದೆದುರು ಕಾಜಾಣವೋ ನೀರುಕಾಗೆಯೋ ಕೂತರೆ ಉಲ್ಟಾ: +1ರಿಂದ +1.7. ಆಕಾಶ ಉರಿದರೆ ಉರಿಯಲಿ, ಹಕ್ಕಿ ಮುಖ್ಯ. ಸೆನ್ಸರಿನ ಮಾಹಿತಿಯನ್ನು ಹಾಗೇ ಉಳಿಸುವ ರಾ ಫೈಲನ್ನೇ ತೆಗೆಯಿರಿ. 14 ಬಿಟ್ ರಾನಲ್ಲಿ ಒಂದೊಂದು ಬಣ್ಣಕ್ಕೆ 16,384 ಹಂತ, ಜೆಪೆಗ್‌ನಲ್ಲಿ 256 ಮಾತ್ರ. ತಿದ್ದುವ ಜಾಗ ಎಲ್ಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಫೋಕಸ್

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 600 ಮಿ.ಮೀ., ಎಫ್/6.3, ಎಂಟು ಮೀಟರ್ ದೂರ: ಸ್ಪಷ್ಟವಾಗಿ ಬರುವ ಆಳ ಸುಮಾರು ಆರು ಸೆಂಟಿಮೀಟರ್ ಅಷ್ಟೇ. ಕೊಕ್ಕು ನಿಮ್ಮತ್ತ, ಬಾಲ ಆಚೆ ಇದ್ದರೆ ಎರಡೂ ಸಿಗುವುದಿಲ್ಲ. ಹಕ್ಕಿ ಅಡ್ಡ ತಿರುಗುವವರೆಗೆ ಕಾಯಿರಿ, ಇಲ್ಲವೇ ಕಣ್ಣನ್ನು ಹಿಡಿದು ಉಳಿದದ್ದನ್ನು ಬಿಡಿ. ನಿರಂತರ ಫೋಕಸ್ ಮೋಡ್ ಇರಲಿ. ಮಿರರ್‌ಲೆಸ್ ಕ್ಯಾಮೆರಾಗಳ ಕಣ್ಣು ಗುರುತಿಸುವ ಸೌಲಭ್ಯ ಬಯಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಬಂಡೀಪುರ, ನಾಗರಹೊಳೆಯ ಲಂಟಾನ ಪೊದೆಗಳಲ್ಲಿ ಅದು ಮುಂದಿನ ಕಡ್ಡಿಗೆ ಹಾರಿಬಿಡುತ್ತದೆ, ಅಲ್ಲಿ ಒಂದೇ ಬಿಂದುವಿನ ಫೋಕಸ್‌ಗೆ ಬದಲಿಸಿ. ಡಿಎಸ್‌ಎಲ್‌ಆರ್ ಇರುವವರು ಟ್ರೈಪಾಡಿನ ಮೇಲಿಟ್ಟು ಅಚ್ಚಾದ ಹಾಳೆಯೊಂದನ್ನು ಹಿಂದಿನ ಪರದೆಯ ಲೈವ್ ವ್ಯೂನಲ್ಲೊಮ್ಮೆ, ವ್ಯೂಫೈಂಡರಿನಲ್ಲೊಮ್ಮೆ ತೆಗೆದು ಹೋಲಿಸಿ. ವ್ಯೂಫೈಂಡರಿನದ್ದು ಪ್ರತಿ ಸಲವೂ ಮೆದುವಾಗಿದ್ದರೆ ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ (ಆಟೋಫೋಕಸಿನ ತಿದ್ದುಪಡಿ) ಮಾಡಬೇಕು.

ಬಿಸಿಗಾಳಿಗೆ ಯಾವ ಲೆನ್ಸೂ ಲೆಕ್ಕಕ್ಕಿಲ್ಲ

ಲೆನ್ಸ್ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗುವವರಲ್ಲಿ ಕೆಲವರದ್ದು ಇದೇ ಕಥೆ. ಕಾದ ನೆಲದಿಂದ ಏಳುವ ಗಾಳಿ ಬೆಳಕನ್ನು ಅಲ್ಲಲ್ಲಿ ಬಾಗಿಸುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಧಾಮದಂಥ ಬಯಲು ಹುಲ್ಲುಗಾವಲಿನಲ್ಲಿ ಬೇಸಿಗೆಯ ಒಂಬತ್ತು, ಹತ್ತು ಗಂಟೆಯಾದ ಮೇಲೆ ದೂರದ ಜಿಂಕೆಯ ಕೋಡು ಕುಣಿಯುತ್ತಿರುತ್ತದೆ. 1/4000 ಇಟ್ಟರೂ ಅದು ಹೋಗದು. ಪರೀಕ್ಷೆ ಸುಲಭ: ಅಲುಗದ ಒಂದು ಕಲ್ಲನ್ನು ಐದು ಸಲ ತೆಗೆಯಿರಿ. ಐದರಲ್ಲೂ ಅಂಚು ಬೇರೆಬೇರೆ ಆಕಾರದಲ್ಲಿದ್ದರೆ ಕ್ಯಾಮೆರಾ ಚೀಲಕ್ಕೆ ಹಾಕಿ ಕಾಫಿ ಕುಡಿಯಿರಿ. ಹತ್ತಿರದ ಪ್ರಾಣಿಗೆ ಈ ಕಾಟ ಕಡಿಮೆ, ನಡುವಿನ ಗಾಳಿ ಕಡಿಮೆಯಾದ್ದರಿಂದ. ಎಸಿ ಕಾರಿನ ಕಿಟಕಿ ಇಳಿಸಿದೊಡನೆ ತೆಗೆದರೂ ಇದೇ ಗತಿ. ಒಳಗಿನ ತಣ್ಣನೆ ಗಾಳಿ, ಹೊರಗಿನ ಬಿಸಿ ಗಾಳಿ ಲೆನ್ಸಿನ ಮುಂದೆಯೇ ಬೆರೆಯುತ್ತವೆ. ಎಸಿ ಆರಿಸಿ, ಕಿಟಕಿ ತೆರೆದು ಹತ್ತು ನಿಮಿಷ ಬಿಡಿ.

ಊರಲು ಏನಾದರೂ ಇರಲಿ

ಸಫಾರಿ ಜೀಪಿಗೆ ಟ್ರೈಪಾಡ್ ಆಗದು, ಬೀನ್ ಬ್ಯಾಗ್ ಸಾಕು. ಎರಡು ಕಿಲೋ ಕಾಳು ಹಿಡಿಸುವ ಗಟ್ಟಿ ಬಟ್ಟೆಯ ಚೀಲ ಹೊಲಿಸಿ, ಹುರುಳಿಯನ್ನೋ ಹೆಸರುಕಾಳನ್ನೋ ಮುಕ್ಕಾಲು ತುಂಬಿ. ಬಿಗಿಯಾಗಿ ತುಂಬಿದರೆ ಲೆನ್ಸ್ ಅದರಲ್ಲಿ ಕೂರದೆ ಜಾರುತ್ತದೆ. ಚಾಲಕರಿಗೆ ಹೇಳಿ ಇಂಜಿನ್ ಆರಿಸಿ. ಆರಿಸದಿದ್ದರೆ ಕಂಬಿಗೆ ಊರುವುದಕ್ಕಿಂತ ಕೈಯಲ್ಲೇ ಎತ್ತಿ ಹಿಡಿಯುವುದು ಮೇಲು, ನಡುಕ ಮೈಯಲ್ಲೇ ಇಂಗುತ್ತದೆ. ರಂಗನತಿಟ್ಟಿನ ದೋಣಿಯಲ್ಲೂ ಅಷ್ಟೇ: ಅಂಚಿಗೆ ಮೊಣಕೈ ಊರದೆ ಎದೆಗೆ ಒತ್ತಿಕೊಂಡು, 1/1600ಕ್ಕೆ ಏರಿಸಿ. ಅಲ್ಲಿ ಬಣ್ಣದ ಕೊಕ್ಕರೆಗಳು ಎಷ್ಟು ಹತ್ತಿರ ಸಿಗುತ್ತವೆಂದರೆ 300 ಮಿ.ಮೀ. ಧಾರಾಳ.

ಹತ್ತಿರ ಸಿಗುವುದೇ ದೊಡ್ಡ ಲಾಭ. ದೂರ ಅರ್ಧಕ್ಕಿಳಿದರೆ ಹಕ್ಕಿಯ ಮೇಲೆ ನಾಲ್ಕು ಪಟ್ಟು ಪಿಕ್ಸೆಲ್ ಬೀಳುತ್ತವೆ. 6000×4000ರ ಚಿತ್ರದಲ್ಲಿ ಅಗಲದ ಮೂರನೇ ಒಂದು ಭಾಗವನ್ನಷ್ಟೇ ಕ್ರಾಪ್ ಮಾಡಿದರೆ ಉಳಿಯುವುದು 2000×1333, 24 ಮೆಗಾಪಿಕ್ಸೆಲ್‌ನಲ್ಲಿ ಮೂರೂ ಇಲ್ಲ. ನಾಯ್ಸ್ ಕೂಡ ಅಷ್ಟೇ ಹಿಗ್ಗಿ ಕಾಣುತ್ತದೆ. ಎ4 ಗಾತ್ರದ ಒಳ್ಳೆಯ ಮುದ್ರಣಕ್ಕೆ 3508×2480 ಬೇಕು. ಹಾಗೆಂದು ಗೂಡಿನ ಹತ್ತಿರ ನುಗ್ಗಬೇಡಿ, ಮೊಬೈಲಿನಲ್ಲಿ ಕೂಗು ಹಾಕಿ ಕರೆಯಲೂಬೇಡಿ. ಒಂದೇ ಕೊಂಬೆಗೆ ಮತ್ತೆಮತ್ತೆ ಬರುವ ಹಕ್ಕಿಯನ್ನು ಗುರುತಿಸಿ, ಅಲ್ಲಿಗೆ ಮೊದಲೇ ಹೋಗಿ ಅಲುಗದೆ ಕೂತರೆ ಅದೇ ಬರುತ್ತದೆ.

ಕಂಪ್ಯೂಟರಿನಲ್ಲಿ

ಮೊದಲು ಬೆಳಕು ಮತ್ತು ವೈಟ್ ಬ್ಯಾಲೆನ್ಸ್, ಆಮೇಲೆ ಡಿನಾಯ್ಸ್, ಕ್ರಾಪ್, ಗಾತ್ರ ಇಳಿಸುವುದು, ಕೊನೆಗೆ ಶಾರ್ಪನಿಂಗ್. ಈ ಕ್ರಮ ತಿರುವುಮುರುವಾದರೆ ನಾಯ್ಸಿನ ಕಾಳುಗಳೇ ಚೂಪಾಗುತ್ತವೆ. ಶಾರ್ಪನಿಂಗನ್ನು ಮಾಸ್ಕ್ ಹಾಕಿ ಹಕ್ಕಿಗೆ ಮಾತ್ರ ಕೊಡಿ, ಹಿನ್ನೆಲೆಗೆ ಬೇಡವೇ ಬೇಡ. ಗರಿಯ ಅಂಚಿನಲ್ಲಿ ಬಿಳಿ ಗೆರೆ ಮೂಡಿದರೆ ಅತಿಯಾಯಿತು. ಜಾಲಕ್ಕೆ ಹಾಕುವ ಚಿತ್ರ ಉದ್ದದ ಬದಿಗೆ 2048 ಪಿಕ್ಸೆಲ್, ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣವ್ಯವಸ್ಥೆ) ಬಣ್ಣದಲ್ಲಿರಲಿ. ಇಲ್ಲದಿದ್ದರೆ ಕೆಲವು ಮೊಬೈಲುಗಳಲ್ಲಿ ಹಸಿರು ಸಪ್ಪೆಯಾಗುತ್ತದೆ.

ಗಾಜಿನ ವಿಷಯ ಚುಟುಕಾಗಿ: ಅಗ್ಗದ ಯುವಿ ಫಿಲ್ಟರ್ ತೆಗೆದುಬಿಡಿ, ಹುಡ್ ಹಾಕಿ. ಕರಾವಳಿಯಲ್ಲಿ ಎಸಿ ಕೋಣೆಯಿಂದ ಹೊರಡುವಾಗ ಕ್ಯಾಮೆರಾ ಅರ್ಧ ಗಂಟೆ ಚೀಲದಲ್ಲೇ ಮುಚ್ಚಿರಲಿ, ಬೇಗ ತೆರೆದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಸು ಹಿಡಿದರೆ ಚಿತ್ರದ ಕಾಂಟ್ರಾಸ್ಟ್ ಕಳೆಗುಂದುತ್ತದೆ, ಒಳಗಿನ ಲೇಪನ ಒಮ್ಮೆ ತಿಂದುಹೋದರೆ ಮರಳಿ ಬರುವುದಿಲ್ಲ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಇಟ್ಟು, ಜೊತೆಗೊಂದು ಸಣ್ಣ ತೇವಾಂಶ ಮಾಪಕ ಹಾಕಿ, ಮುಳ್ಳು 40ರಿಂದ 50%ರ ನಡುವೆ ಇರುವಂತೆ ನೋಡಿಕೊಳ್ಳಿ.