ಎಂಜಿನ್ ಬದಲಿಸುವ ಮುನ್ನ ಕಂಪ್ರೆಷನ್ ನೋಡಿ

ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಘಾಟಿ ಹತ್ತಿದರೆ ಹೀಟ್ ಆಗುತ್ತಿತ್ತು, ಕೂಲೆಂಟ್ ಇಳಿಯುತ್ತಿತ್ತು, ಐಡ್ಲಿಂಗ್‌ನಲ್ಲಿ ನಡುಕ. ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್, ಪ್ಲಗ್ ಬದಲಿಸಿದರೂ ಅದೇ ರಾಗ. ಗ್ಯಾರೇಜಿನಲ್ಲಿ ಎಂಜಿನ್ನೇ ಹೋಗಿದೆ ಎಂದರು.

ದಾರಿ ತೋರಿಸಿದ್ದು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ. ಎಂಜಿನ್ ಬೆಚ್ಚಗಿರುವಾಗ ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ನ ಕನೆಕ್ಟರ್ ಬಿಡಿಸಿ, ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದೇ ಪ್ಲಗ್ ತೂತಿಗೆ ಒತ್ತಡದ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. 1 ಮತ್ತು 4ನೇ ಸಿಲಿಂಡರಿನಲ್ಲಿ 170 ಪಿಎಸ್‌ಐ (ಒತ್ತಡದ ಅಳತೆ). 2, 3ರಲ್ಲಿ 90ರ ಆಸುಪಾಸು. ಆ ಎರಡಕ್ಕೂ ಚಮಚ ಆಯಿಲ್ ಬಿಟ್ಟು ನೋಡಿದರೂ ಗೇಜ್ ಮುಳ್ಳು ಏರಲಿಲ್ಲ. ಏರಿದ್ದರೆ ಪಿಸ್ಟನ್ ರಿಂಗ್ ಸವೆದಿದೆ ಎಂದರ್ಥ. ಅಕ್ಕಪಕ್ಕದ ಎರಡರಲ್ಲೇ ಒತ್ತಡ ಬಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್‌ನ ಕೆಳಗೆ ಸೋರದಂತೆ ಕೂರುವ ತೆಳು ಹಾಳೆ) ಮೇಲೆ ಮೊದಲ ಅನುಮಾನ. ಹೆಡ್ ಎತ್ತಿದಾಗ ಅಲ್ಲೇ ಕರಕಲಾಗಿತ್ತು. ಸಿಲಿಂಡರಿನ ಒಳಗೋಡೆಯಲ್ಲಿ ತಯಾರಿಸುವಾಗ ಮೂಡಿಸಿದ ಹೋನಿಂಗ್ ಗೆರೆಗಳು ಇನ್ನೂ ಸ್ಪಷ್ಟವಾಗಿದ್ದವು, ಅಂದರೆ ಗೋಡೆ ಸವೆದಿರಲಿಲ್ಲ. ಹಾಗಾಗಿ ಎಂಜಿನ್ ಉಳಿಸಿಕೊಂಡೆ. ಹೆಡ್ ಫೇಸಿಂಗ್ ಮಾಡಿಸಿ (ಅಡಿಭಾಗವನ್ನು ಸಮತಟ್ಟಾಗಿಸಿ), ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್ ಹಾಕಿ, ನಡುವಿನಿಂದ ಹೊರಕ್ಕೆ, ಮ್ಯಾನುವಲ್‌ನಲ್ಲಿರುವ ಟಾರ್ಕ್‌ನಂತೆ (ಬೋಲ್ಟ್ ತಿರುಗಿಸುವ ಬಲದ ಅಳತೆ) ಬಿಗಿಸಿದೆವು. ಈಗ ನಾಲ್ಕೂ 165ರ ಮೇಲಿವೆ.