ಅರವತ್ತೆರಡು ಮಕ್ಕಳ ಕೃತಿ ಸಂಪುಟ, ಒಂದು ಹಳೆಯ ಮೊಬೈಲು

ಚಳ್ಳಕೆರೆ ತಾಲ್ಲೂಕಿನ ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕೃತಿ ಸಂಪುಟಗಳನ್ನು, ಅಂದರೆ ಒಂದೊಂದು ಮಗುವಿನ ಕೆಲಸದ ಹಾಳೆಗಳನ್ನು ಕೂಡಿಟ್ಟ ಕಡತಗಳನ್ನು, ಇಡುತ್ತಿದ್ದ ಕಬ್ಬಿಣದ ಬೀರುವೂ ಬಿಸಿಯೂಟದ ಅಕ್ಕಿ ಮೂಟೆಗಳೂ ಒಂದೇ ಕೋಣೆಯಲ್ಲಿದ್ದವು. ಬೀರುವಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಅಕ್ಕಿಯನ್ನು ಹುಡುಕಿಕೊಂಡು ಬಂದ ಇಲಿಗಳು 2018ರ ದಸರಾ ರಜೆಯಲ್ಲಿ ಐದನೆಯ ತರಗತಿಯ ಅರ್ಧದಷ್ಟು ಸಂಪುಟಗಳನ್ನು ಚೂರು ಚೂರು ಮಾಡಿದ್ದವು. ಮಕ್ಕಳ ಸಾಧನೆಯನ್ನು ಡಿಜಿಟಲ್ ರೂಪದಲ್ಲಿ ಇಡಬೇಕೆಂಬ ಹಟ ನನಗೆ ಹಿಡಿದದ್ದು ಆ ಚೂರುಗಳನ್ನು ಗುಡಿಸುವಾಗ. ಯಾವ ತರಬೇತಿಗೂ ಅದರಲ್ಲಿ ಪಾಲಿಲ್ಲ. ಮಕ್ಕಳ ದಾಖಲೆಗಳನ್ನು ಇಡುವ ಸರ್ಕಾರಿ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ಅಂಕ ತುಂಬುವುದೇ ಸಾಕುಬೇಕಾಗಿರುವಾಗ ಇದೊಂದು ಹೊಸ ತಲೆನೋವು ಏಕೆಂದು ಸಹೋದ್ಯೋಗಿಗಳು ಕೇಳಿದರು. ಕೆಲವು ತಿಂಗಳಲ್ಲೇ ನನಗೆ 'ಫೋಟೋ ಮೇಷ್ಟ್ರು' ಎಂಬ ಹೆಸರೂ ಬಿತ್ತು.

ಆ ಹೆಸರಿಗೆ ತಕ್ಕಂತೆಯೇ ನಾನು ನಡೆದುಕೊಂಡೆನೆಂದು ಒಪ್ಪಿಕೊಳ್ಳಬೇಕು. ಮೊದಲ ಎರಡು ವರ್ಷ ಕಂಡದ್ದನ್ನೆಲ್ಲ ಮೊಬೈಲಿನಲ್ಲಿ ತೆಗೆದು ಗೂಗಲ್ ಫೋಟೋಸ್‌ಗೆ ಏರಿಸಿದೆ. ಸುಮಾರು ಒಂಬತ್ತು ಸಾವಿರ ಚಿತ್ರಗಳಿದ್ದಿರಬೇಕು. 2021ರ ಜೂನ್ 1ರಿಂದ ಅಲ್ಲಿನ ಮಿತಿಯಿಲ್ಲದ ಉಚಿತ ಸಂಗ್ರಹ ನಿಂತು, ಹೊಸ ಚಿತ್ರಗಳೆಲ್ಲ 15 ಜಿಬಿಯ ಲೆಕ್ಕಕ್ಕೆ ಸೇರತೊಡಗಿದಾಗ ನಾಲ್ಕು ಸಾವಿರ ರೂಪಾಯಿ ಕೊಟ್ಟು ಹಾರ್ಡ್ ಡಿಸ್ಕ್ ಕೊಂಡೆ. ಮರುವರ್ಷ ಹುಡುಗನೊಬ್ಬ ವೈರು ಎಡವಿ ಅದು ಮೇಜಿನಿಂದ ಬಿತ್ತು. ಪಟ್ಟಣದ ಅಂಗಡಿಯೊಂದರಲ್ಲಿ ಮೂರೂವರೆ ಸಾವಿರ ತೆಗೆದುಕೊಂಡು, ಅರ್ಧದಷ್ಟು ಕಡತಗಳನ್ನು ಹೆಸರೇ ಇಲ್ಲದಂತೆ ಮಾಡಿ ಹಿಂದಿರುಗಿಸಿದರು. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆ ಸಂಗತಿ: ಆ ಒಂಬತ್ತು ಸಾವಿರ ಚಿತ್ರಗಳಲ್ಲಿ ಒಂದೇ ಒಂದು ಮಗುವಿನ ಪ್ರಗತಿಯನ್ನು ತೋರಿಸಿ ಎಂದು ಯಾರಾದರೂ ಕೇಳಿದ್ದರೆ ನನ್ನಿಂದ ಸಾಧ್ಯವಾಗುತ್ತಿರಲಿಲ್ಲ.

ಆಮೇಲೆ ಒಬ್ಬೊಬ್ಬರಿಗೂ ಬಣ್ಣಬಣ್ಣದ ಸ್ಲೈಡುಗಳನ್ನು ಮಾಡತೊಡಗಿದೆ. ಒಂದು ಮಗುವಿಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು, ನಮ್ಮಲ್ಲಿ ಮಕ್ಕಳು ಅರವತ್ತೆರಡು. ಹತ್ತೊಂಬತ್ತನೆಯ ಮಗುವಿಗೆ ಬರುವಷ್ಟರಲ್ಲಿ ಮನೆಯಲ್ಲಿ ಮಾತುಕತೆ ನಿಂತುಹೋಗಿತ್ತು. ಅಲ್ಲಿಗೆ ಅದನ್ನೂ ಬಿಟ್ಟೆ.

ಮೂರನೆಯದು ನಾಚಿಕೆಯ ಕಥೆ. ಗೂಗಲ್ ಸೈಟ್ಸ್‌ನಲ್ಲಿ ಪುಟಗಳನ್ನು ಮಾಡಿ ಕೊಂಡಿಯನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಓಬವ್ವನ ವೇಷ ತೊಟ್ಟಿದ್ದ ಬಾಲಕಿಯೊಬ್ಬಳ ಚಿತ್ರ ಅಲ್ಲಿಂದ ಯಾರದೋ ಸ್ಟೇಟಸ್ಸಿಗೆ ಹೋಯಿತು. ಅವಳ ತಂದೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೇ ಬಂದು, "ಮೇಷ್ಟ್ರೇ, ನನ್ನ ಮಗಳ ಫೋಟೋ ಊರೆಲ್ಲ ಯಾಕೆ ಓಡಾಡ್ತೈತೆ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಅಂದು ರಾತ್ರಿಯೇ ಎಲ್ಲ ಪುಟಗಳನ್ನೂ ಅಳಿಸಿದೆ. ಈಗ ಮುಖ ಕಾಣುವ ಚಿತ್ರವನ್ನು ನಾನು ಇಡುವುದೇ ಇಲ್ಲ, ಕಡತಕ್ಕೆ ಮಗುವಿನ ಹೆಸರನ್ನೂ ಎಸ್‌ಎಟಿಎಸ್ ಸಂಖ್ಯೆಯನ್ನೂ ಕೊಡುವುದಿಲ್ಲ, ನಾನೇ ಮಾಡಿಕೊಂಡ ಸಂಕೇತವಷ್ಟೇ ಇರುತ್ತದೆ. ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಆದುದರಿಂದ ಪ್ರತಿ ಜೂನ್‌ನಲ್ಲಿ ಅರ್ಧ ಪುಟದ ಒಪ್ಪಿಗೆ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುತ್ತೇನೆ.

ಈಗಿನ ಪದ್ಧತಿ ಆರಂಭವಾದದ್ದು 2023ರಲ್ಲಿ. ವರ್ಷಕ್ಕೆ ಎಂಟು ಸುತ್ತು, ಸುತ್ತಿಗೆ ಮಗುವಿನ ಒಂದು ಧ್ವನಿಮುದ್ರಣ ಮತ್ತು ಅದರ ಕೆಲಸದ ಎರಡು ಹಾಳೆಗಳ ಚಿತ್ರ. ಹೀಗೆ ಮಗುವೊಂದಕ್ಕೆ ಇಪ್ಪತ್ನಾಲ್ಕೇ ಕಡತಗಳು, ಒಂದು ಹೆಚ್ಚಲ್ಲ. ದಿನಕ್ಕೆ ನಾಲ್ವರು ಮಕ್ಕಳಂತೆ ಹದಿನಾರು ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಕಡತದ ಹೆಸರಿನಲ್ಲಿ ಸಂಕೇತ, ಅದರ ಹಿಂದೆ ವರ್ಷ, ತಿಂಗಳು, ದಿನ ಎಂಬ ಕ್ರಮವಿದ್ದರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಬಹುಮಾನದ ಪ್ರಮಾಣಪತ್ರಗಳಿಗೆ, ಅದು ಪ್ರತಿಭಾ ಕಾರಂಜಿಯದೇ ಆಗಿರಲಿ, ವರ್ಷಕ್ಕೆ ಒಂದೇ ಹಾಳೆಯ ಜಾಗ. ಇದಕ್ಕೆ ಆಕ್ಷೇಪ ಬಂತಾದರೂ ನಾನು ಬಗ್ಗಲಿಲ್ಲ. ಇಲ್ಲವಾದರೆ ನಾಲ್ಕು ಮಕ್ಕಳ ಸಂಪುಟ ತುಂಬಿ ಮಿಕ್ಕವರದು ಬರಿದಾಗಿರುತ್ತಿತ್ತು.

ಇದರ ಜೀವ ಇರುವುದು ಧ್ವನಿಯಲ್ಲಿ. ನಮ್ಮ ಭಾಗದಲ್ಲಿ ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳು ಬಹಳ. ಒಂದೇ ಗದ್ಯಭಾಗವನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್‌ನಲ್ಲಿ ಒಂದೊಂದು ನಿಮಿಷ ಓದಿಸಿ ಧ್ವನಿ ಮುದ್ರಿಸಿಕೊಳ್ಳುತ್ತೇನೆ. ಜೂನ್‌ನಲ್ಲಿ ಹದಿನಾಲ್ಕೋ ಹದಿನೈದೋ ಪದಗಳನ್ನು ತಡವರಿಸುತ್ತ ಓದಿದ್ದ ಹುಡುಗಿ ಮಾರ್ಚ್‌ನಲ್ಲಿ ಐವತ್ತರ ಹತ್ತಿರ ಬಂದಿದ್ದಳು. ಉಳಿದ ನಾಲ್ಕು ಧ್ವನಿಗಳು ಮಗು ತನ್ನ ಕೆಲಸವನ್ನು ತಾನೇ ವಿವರಿಸುವಂಥವು. ಗಣಿತದ ಕಲಿಕಾ ಹಾಳೆಯಲ್ಲಿ ಹತ್ತಕ್ಕೆ ಮೂರು ಪಡೆದಿದ್ದ ಕುರಿಗಾಹಿಗಳ ಮನೆಯ ಹುಡುಗನೊಬ್ಬ, ದೊಡ್ಡಿಗೆ ಬರುವ ಕುರಿಗಳನ್ನು ಜೊತೆ ಜೊತೆಯಾಗಿ ಎಣಿಸಿ, ಮರಿಗಳನ್ನು ಕಳೆದು, ಎಷ್ಟು ತಪ್ಪಿಸಿಕೊಂಡಿವೆಯೆಂದು ಕಂಡುಹಿಡಿಯುವ ಬಗೆಯನ್ನು ತೆಲುಗಿನಲ್ಲಿ ಪಟಪಟನೆ ಹೇಳಿದ. ಮೂರು ಅಂಕ ಕೊಟ್ಟ ನನ್ನ ಕೆಂಪು ಪೆನ್ನು ಆ ದಿನ ಜೇಬಿನಿಂದ ಹೊರಬರಲಿಲ್ಲ.

ಹಾಳೆಗಳ ಚಿತ್ರ ತೆಗೆಯಲೆಂದು ಅರ್ಧ ಇಂಚಿನ ಪಿವಿಸಿ ಪೈಪು, ಎರಡು ಎಲ್ಬೋ ಮತ್ತು ಒಂದು ಹಲಗೆ ಸೇರಿಸಿ ನೂರೆಂಬತ್ತು ರೂಪಾಯಿಯಲ್ಲಿ ಮೊಬೈಲಿಗೆ ಸ್ಟ್ಯಾಂಡು ಮಾಡಿಕೊಂಡೆ. ಪೂರ್ವದ ಕಿಟಕಿಯ ಬಳಿ, ಬೆಳಿಗ್ಗೆ ಹನ್ನೊಂದರೊಳಗೆ ತೆಗೆದರೆ ನೆರಳು ಬೀಳುವುದಿಲ್ಲ. ಸ್ಕ್ಯಾನ್ ಆ್ಯಪನ್ನು ಕಪ್ಪು-ಬಿಳುಪಿಗೆ ಇಟ್ಟರೆ ಪೆನ್ಸಿಲ್ ಬರವಣಿಗೆ ಮಾಯವಾಗುತ್ತದೆ. ಒಂದು ಸುತ್ತು ಪೂರ್ತಿ ಹೀಗೆ ಹಾಳಾದ ಮೇಲೆ ಬೂದು ಬಣ್ಣಕ್ಕೆ ಬದಲಾಯಿಸಿ, ಮಕ್ಕಳಿಗೆ 2ಬಿ ಪೆನ್ಸಿಲ್ ಕೊಡಿಸಿದೆ. ಯಾವ ಎರಡು ಹಾಳೆ ಎಂಬುದನ್ನು ಮಕ್ಕಳೇ ಆರಿಸುತ್ತಾರೆ, ಒಂದು ಚೆನ್ನಾಗಿ ಬಂದದ್ದು, ಇನ್ನೊಂದು ಕೆಟ್ಟದ್ದು. ಕೆಟ್ಟದ್ದನ್ನು ನಾಚಿಕೊಳ್ಳದೆ ಎತ್ತಿಕೊಡುವಂತೆ ಮಾಡಲು ನಾನು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಯಾರ ಸುತ್ತು ಬಾಕಿಯಿದೆಯೆಂದು ತೋರಿಸುವ ಗೂಗಲ್ ಶೀಟಿನ ಸೂತ್ರವನ್ನೂ ಅಷ್ಟೇ. ಚಳ್ಳಕೆರೆಯ ಕಡೆ ಬಂದವರಿಗೆ ಎರಡನ್ನೂ ತೋರಿಸುತ್ತೇನೆ.

ನಡುವೆ ಗೂಗಲ್ ಲೆನ್ಸ್‌ನಿಂದ ಮಕ್ಕಳ ಕೈಬರಹವನ್ನು ಟೈಪಿನ ಅಕ್ಷರಕ್ಕಿಳಿಸಲು ಒಂದು ತಿಂಗಳು ಒದ್ದಾಡಿದೆ. ಒತ್ತಕ್ಷರಗಳು ಎಲ್ಲಿಗೋ ಹಾರಿದವು, ಮೂರನೆಯ ತರಗತಿಯವರ ತಲಕಟ್ಟುಗಳು ಅದಕ್ಕೆ ಅರ್ಥವೇ ಆಗಲಿಲ್ಲ. ಪ್ರಗತಿ ಪತ್ರದ ಮೇಲೆ ಕ್ಯೂಆರ್ ಕೋಡ್ ಅಂಟಿಸುವ ಉಪಾಯಕ್ಕೂ ನೂರಿಪ್ಪತ್ತು ರೂಪಾಯಿ ದಂಡವಾಯಿತು. ಮಗುವಿನ ಕಡತಗಳು ಅನುಮತಿ ಇರುವ ಖಾತೆಗೆ ಮಾತ್ರ ತೆರೆಯುವಂತೆ ಇಟ್ಟಿದ್ದೆ, ಆದರೆ ಬಹುತೇಕ ಪೋಷಕರಿಗೆ ತಮ್ಮ ಜಿಮೇಲ್ ಪಾಸ್‌ವರ್ಡೇ ಗೊತ್ತಿರಲಿಲ್ಲ. ಈಗ ಸಭೆಯಲ್ಲಿ ಅವರವರ ಮಗುವಿನದನ್ನು ಅವರವರಿಗೇ ಇಯರ್‌ಫೋನಿನಲ್ಲಿ ಕೇಳಿಸುತ್ತೇನೆ.

ಖರ್ಚಿನ ಲೆಕ್ಕ ಹೇಳುವುದಾದರೆ, ಮೂಲೆ ಒಡೆದ ಹಳೆಯ ಮೊಬೈಲಿಗೆ ಐದೂವರೆ ಸಾವಿರ, 64 ಜಿಬಿ ಕಾರ್ಡಿಗೆ ಐನೂರೈವತ್ತು, ಸ್ಟ್ಯಾಂಡು, ಪೆನ್ಸಿಲ್, ಇಯರ್‌ಫೋನ್ ಎಲ್ಲ ಸೇರಿ ಏಳು ಸಾವಿರದೊಳಗೆ ಮುಗಿಯಿತು. ಅದಕ್ಕೂ ಮೊದಲು ಕಳೆದುಕೊಂಡದ್ದೇ ಎಂಟು ಸಾವಿರದ ಹತ್ತಿರ. ವರ್ಷದ ಒಟ್ಟು ಸಂಗ್ರಹ ಆರುನೂರು ಎಂಬಿ ದಾಟುವುದಿಲ್ಲ. ಉಚಿತವಾಗಿ ಸಿಗುವ ಆ 15 ಜಿಬಿ ನನ್ನ ನಿವೃತ್ತಿಯವರೆಗೂ ಸಾಕಾಗಿ ಮಿಗುತ್ತದೆ.

ಕಳೆದ ಮಾರ್ಚ್‌ನ ಪೋಷಕರ ಸಭೆಯಲ್ಲಿ ಒಬ್ಬ ಅಜ್ಜಿ ಜೂನ್‌ನ ಓದನ್ನೂ ಮಾರ್ಚ್‌ನ ಓದನ್ನೂ ಕೇಳಿ, "ಎರಡೂ ನಮ್ಮ ಹುಡುಗಂದೇನಾ ಮೇಷ್ಟ್ರೇ?" ಎಂದು ಮೂರು ಸಲ ಕೇಳಿದರು, ಮೂರು ಸಲವೂ ಮತ್ತೆ ಹಾಕಿಸಿಕೊಂಡರು. ನನಗೆ 'ಫೋಟೋ ಮೇಷ್ಟ್ರು' ಎಂದು ಮೊದಲು ಹೆಸರಿಟ್ಟವರು ಅಲ್ಲೇ ಬಾಗಿಲ ಬಳಿ ನಿಂತಿದ್ದರು. ಸಭೆ ಮುಗಿದ ಮೇಲೆ ಅವರು ಸ್ಕೇಲು ಹಿಡಿದು ನನ್ನ ಸ್ಟ್ಯಾಂಡಿನ ಎತ್ತರವನ್ನು ಅಳೆದುಕೊಂಡರು. ಹದಿನಾಲ್ಕು ಇಂಚು.